ಬೀರುವಿನ ಮೇಲಿಟ್ಟ ಶುಗರ್ ಮಿಷಿನ್

ಅಂದು ಕೊಣನೂರಿನ ಸಂತೆ. ಅವ್ವ ಕೊಬ್ಬರಿ, ಬೆಲ್ಲ, ಅಂಟು ತಂದು ಎರಡನೇ ಸಲ ಅಂಟಿನುಂಡೆ ಕಟ್ಟಿದಳು. ಮೊದಲು ಕಟ್ಟಿದ್ದು ವಾರದೊಳಗೆ ಮುಗಿದಿತ್ತು. ಹಾಸನದ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ನನ್ನ ತಂಗಿ ತವರಿಗೆ ಬಂದು ಎಂಟು ದಿನವಾಗಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಅಕ್ಕಾ, ನನ್ ಶುಗರ್ ಮಿಷಿನ್ ಎಲ್ಲಿ ಮಡಗಿದ್ದೀಯಾ? ಇವತ್ತಾದ್ರೂ ಕೊಡು."

"ಬೀರು ಮ್ಯಾಲೈತೆ. ಈಗ್ಯಾಕೆ ಅದು?"

"ದಿನಾ ಬೆಳಿಗ್ಗೆ ನೋಡ್ಕೊ ಅಂತ ಬರ್ಕೊಟ್ಟವ್ರೆ ಕಣಕ್ಕಾ."

ಅಡುಗೆಮನೆಯಿಂದ ಅವ್ವ ಕೂಗಿದಳು: "ಅಸಿ ಬಾಣಂತಿ ಬೆರಳು ಚುಚ್ಚಿ ರಕ್ತ ತೆಗೀತಾರೇನೇ? ಒಟ್ಟೆ ಕುಯ್ದಾಗ ಓಗಿದ್ದು ಸಾಲ್ದಾ? ಉಂಡೆ ತಿನ್ನು, ಮಗೀಗೆ ಆಲು ಬತ್ತದೆ."

"ತಿಂದ್ರೆ ಆ ಮಿಷಿನೇ ಕಿರುಚ್ಕತದೆ ಕಣವ್ವಾ," ಎಂದು ತಂಗಿ ನಕ್ಕಳು. ನಗುವಾಗ ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು.

"ನಂಗೂ ಬಂದಿತ್ತಲ್ಲೇ, ಮಗ ಹುಟ್ದೇಟ್ಗೆ ಓಯ್ತು. ನಿಂದೂ ಅಂಗೇಯ," ಎಂದೆ. ಅವಳು ಎರಡು ಉಂಡೆ ತಿಂದಳು.

ನನ್ನ ಎರಡನೇ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತು, ಹೆರಿಗೆಯಾದ ಮೇಲೆ ಹೋಯಿತು. ತಂಗಿಗೆ ಅದು ಮದುವೆಗೆ ಮುಂಚಿನಿಂದ ಇತ್ತು. ಆಸ್ಪತ್ರೆಯಿಂದ ಹೊರಡುವ ದಿನ ನರ್ಸ್ ನನ್ನನ್ನೇ ಕರೆದು ಹೇಳಿದ್ದರು: "ಇವ್ರದು ಬಸಿರಲ್ಲಿ ಬಂದಿದ್ದಲ್ಲಮ್ಮಾ, ಹಳೇದು. ಶುಗರ್ ಜಾಸ್ತಿ ಆದ್ರೆ ಹೊಲಿಗೆ ಮಾಯಲ್ಲ." ನಾನು ಮಗುವಿನ ಬಟ್ಟೆ ಮಡಿಸುತ್ತಾ "ಆಯ್ತು ಸಿಸ್ಟರ್" ಎಂದಿದ್ದೆ. ಊರಿಗೆ ಬಂದ ಸಂಜೆಯೇ ಅವ್ವನ ಮಾತು ಕೇಳಿ ಮಿಷಿನನ್ನು ಕೈಗೆ ಎಟುಕದ ಹಾಗೆ ಬೀರುವಿನ ಮೇಲಿಟ್ಟೆ. ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ ಹಾಗೇ ಉಳಿಯಿತು. ಅಳತೆ ನೋಡದೆ ಎಷ್ಟು ಚುಚ್ಚಿಕೊಳ್ಳಬೇಕೋ ತಿಳಿಯದೆ ಅವಳೂ ಸುಮ್ಮನಾದಳು.

ಸಂತೆಯ ಮರುದಿನ ಬೆಳಿಗ್ಗೆ ಅವಳಿಗೆ ಚಳಿ ಹಿಡಿದು ಹಲ್ಲು ಕಟಕಟ ಎನ್ನುತ್ತಿತ್ತು. ಸೀರೆ ಸರಿಸಿ ನೋಡಿದರೆ ಹೊಲಿಗೆಯ ಒಂದು ತುದಿ ಬಿಟ್ಟುಕೊಂಡು ಕೀವು ಸೋರುತ್ತಿತ್ತು. ಅರಕಲಗೂಡಿನ ಆಸ್ಪತ್ರೆಯಲ್ಲಿ ನೋಡಿದವರು ತಡಮಾಡದೆ ಹಾಸನಕ್ಕೆ ಕಳಿಸಿದರು. ಅಲ್ಲಿ ಡಾಕ್ಟರು ಕೇಳಿದರು: "ಮನೇಲಿ ಶುಗರ್ ಎಷ್ಟು ಬರ್ತಿತ್ತು?"

ಅವ್ವ ನನ್ನ ಮುಖ ನೋಡಿದಳು.

"ನೋಡ್ಲಿಲ್ಲ ಸಾ," ಎಂದೆ.

ಅವರು ಬೈಯಲಿಲ್ಲ. ಬರೆದುಕೊಂಡು ಒಳಗೆ ಹೋದರು. ಗಾಯದ ನಂಜು ರಕ್ತಕ್ಕೆ ಸೇರಿತ್ತು. ಐದನೇ ದಿನ ತಂಗಿ ತೀರಿಕೊಂಡಳು.

ಮಗುವಿಗೆ ಈಗ ಎರಡೂವರೆ ವರ್ಷ. ಚನ್ನರಾಯಪಟ್ಟಣದಲ್ಲಿ ಅಪ್ಪನ ಮನೆಯಲ್ಲಿ ಬೆಳೆಯುತ್ತಿದೆ, ಅಜ್ಜಿಯನ್ನೇ ಅಮ್ಮ ಎನ್ನುತ್ತದೆ. ನಮ್ಮ ಮನೆಯಲ್ಲಿ ಮತ್ತೆ ಅಂಟಿನುಂಡೆ ಕಟ್ಟಿಲ್ಲ. ಮಿಷಿನನ್ನು ಬೀರುವಿನ ಮೇಲೆ ಇಟ್ಟವರು ಯಾರು ಎಂಬ ಮಾತನ್ನು ಅವ್ವ ಎಂದೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಹೋದ ತಿಂಗಳು ಅದನ್ನು ಕೆಳಗಿಳಿಸಿ ಹೊಸ ಸೆಲ್ ಹಾಕಿದೆ. ಗುಂಡಿ ಒತ್ತಿದರೆ ಅವಳು ನೋಡಿಕೊಂಡಿದ್ದ ಹಳೆಯ ಅಳತೆಗಳು ಒಂದೊಂದಾಗಿ ಬರುತ್ತವೆ, ತಾರೀಖಿನ ಸಮೇತ. ಬಸಿರಿನ ತಿಂಗಳುಗಳಲ್ಲಿ ಒಂದು ಬೆಳಗೂ ತಪ್ಪಿಸಿಲ್ಲ. ಕೊನೆಯದು ಆಸ್ಪತ್ರೆಯಿಂದ ಹೊರಟ ದಿನದ್ದು. ಅದರ ನಂತರ ನಮ್ಮ ಮನೆಯಲ್ಲಿ ಕಳೆದ ಒಂಬತ್ತು ಬೆಳಗಿನ ಅಳತೆ ಅದರಲ್ಲಿ ಇಲ್ಲ.