ತುಪ್ಪ ಬಿಟ್ಟ ವರ್ಷದ ಒಬ್ಬಟ್ಟು

ಮೈಸೂರಿನಲ್ಲಿ ಬಿ.ಎ. ಮುಗಿಸಿ ಗುತ್ತಲಿನ ಮನೆಗೆ ಮರಳಿದ ವರ್ಷ ನಾನು ಹಾಲು, ಮೊಸರು, ತುಪ್ಪ ಬಿಟ್ಟಿದ್ದೆ. ಕರುವಿನ ಪಾಲನ್ನು ನಾವು ಕಸಿಯಬಾರದೆಂಬುದು ನನ್ನ ವಾದ. ಆಗ ಎರಡನೇ ಮಹಾಯುದ್ಧ ಇನ್ನೂ ನಡೆದಿತ್ತೆಂದು ನನ್ನ ನೆನಪು; ಮುಗಿದಿತ್ತು ಎನ್ನುತ್ತಾಳೆ ಅಕ್ಕ.

ಯುಗಾದಿಯ ಒಬ್ಬಟ್ಟನ್ನು ನಾನೇ ಮಾಡುತ್ತೇನೆಂದು ಒಲೆಯ ಮುಂದೆ ಕೂತೆ. ಕಡಲೆಕಾಯಿ ಎಣ್ಣೆಯಲ್ಲಿ ಕಣಕ ಕಲಸಿದೆ, ಜೊತೆಗೆ ಕಾಯಿಹಾಲು ಮಾಡಿದೆ. ಮೊದಲೆರಡು ಒಬ್ಬಟ್ಟು ಕಾವಲಿಯ ಮೇಲೇ ಹರಿದು ಹೂರಣ ಕರಕಲಾಯಿತು.

ಮಳವಳ್ಳಿಯಿಂದ ಹಬ್ಬಕ್ಕೆ ಬಂದಿದ್ದ ಅಕ್ಕ ಮಗುಚುವ ಸಟ್ಟುಗವನ್ನು ಕಿತ್ತುಕೊಂಡಳು. "ಏಳ್ಲಾ ಮೇಲೆ! ಒಬ್ಬಟ್ಟು ನಿನ್ ಪುಸ್ತಕದಲ್ಲಿ ಬೇಯಾಕಿಲ್ಲ."

"ಎಣ್ಣೇಲೇ ಬೇಯ್ಸಕ್ಕ. ತುಪ್ಪ ಸೋಕಿಸ್ಬೇಡ."

"ಊ ಕಣ್ಲಾ, ಓಗಿ ಎಲೆ ಮುಂದೆ ಕೂತ್ಕೊ."

ಐದು ತಿಂದೆ, ಆರೂ ಇರಬಹುದು. ತುಪ್ಪವಿಲ್ಲದೆಯೂ ಹಬ್ಬ ನಡೆಯುತ್ತದೆಂದು ಅಪ್ಪನಿಗೆ ಭಾಷಣ ಬಿಗಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತಟ್ಟೋ ಬಾಳೆಎಲೆಗೆಲ್ಲಾ ತುಪ್ಪನೇ ಸವರಿದ್ದೆ ಕಣ್ಲಾ," ಎಂದು ಅಕ್ಕ ಮರುದಿನ ನಕ್ಕಳು.

ಕೂಗಾಡಿ ಮನೆಬಿಟ್ಟು ಮದ್ದೂರಿನ ದಾರಿ ಹಿಡಿದು ನಡೆದೆ. ಮೊದಲ ತುತ್ತಿಗೇ ತುಪ್ಪದ ಘಮ ನನಗೆ ಹತ್ತಿತ್ತೇ, ಅಥವಾ ಅಕ್ಕ ಹೇಳಿದ ಮೇಲೆ ಹುಟ್ಟಿಸಿಕೊಂಡ ನೆನಪೇ? ಎಷ್ಟು ಕೆದಕಿದರೂ ತೀರ್ಮಾನವಾಗಿಲ್ಲ. ಬಡಿಸುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ ಅಕ್ಕನನ್ನು ಕೇಳಿದರೆ ಹೇಳಿಯಾಳು. ಕೇಳುವ ಧೈರ್ಯ ಇನ್ನೂ ಬಂದಿಲ್ಲ.