ವಿಮೆಯವರು ಮಗಳನ್ನು ನೋಡಲು ಬಂದ ದಿನ

ಅರ್ಜಿ ಹಾಗೂ ಮೇಲ್ಮನವಿಗಳ ಹೊರತು ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ಆದುದರಿಂದ ಈ ಬರಹವೂ ಅದೇ ಧಾಟಿಯಲ್ಲಿದ್ದರೆ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ನನ್ನ ಮಗಳಿಗೆ ಆರು ವರ್ಷ. ಆಟಿಸಂ ಇದೆ ಎಂದು ವೈದ್ಯರು ಲಿಖಿತವಾಗಿ ತಿಳಿಸಿ ಮೂರು ವರ್ಷಗಳಾಗಿವೆ. ಜಯನಗರದ ಕೇಂದ್ರವೊಂದರಲ್ಲಿ ವಾರಕ್ಕೆ ನಾಲ್ಕು ದಿನ ನಡೆಯುವ ಮಾತಿನ ಥೆರಪಿಗೆ ನನ್ನ ಪತಿಯ ಕಚೇರಿಯ ಆರೋಗ್ಯ ವಿಮೆಯು ಒಂದು ವರ್ಷದ ಮಟ್ಟಿಗೆ ಒಪ್ಪಿಗೆ ನೀಡಿತ್ತು. ಅದನ್ನು ಮುಂದುವರಿಸುವ ಮುನ್ನ ಮಗುವನ್ನು ಮನೆಯಲ್ಲಿಯೇ ನೋಡಬೇಕೆಂದು ವಿಮಾ ಕಂಪನಿಯಿಂದ ಪತ್ರ ಬಂದಿತು. ಒಪ್ಪಿಗೆ ನಿಂತರೆ ಥೆರಪಿಯೂ ನಿಲ್ಲುತ್ತಿತ್ತು.

ಗೊತ್ತುಪಡಿಸಿದ ದಿನ ನಾನು ವರದಿಗಳನ್ನು ದಿನಾಂಕವಾರು ಜೋಡಿಸುತ್ತಿದ್ದಾಗ, ಅತ್ತೆಯವರು ಮಗುವಿಗೆ ತಲೆಸ್ನಾನ ಮಾಡಿಸಿ, ರೇಷ್ಮೆ ಲಂಗ ತೊಡಿಸಿ, ಎರಡೂ ಜಡೆಗೆ ಮಲ್ಲಿಗೆ ಮುಡಿಸಿ ಕೂರಿಸಿದ್ದರು. ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಯಾರೇ ಕೇಳಿದರೂ ‘ಸ್ವಲ್ಪ ನಿಧಾನ ಅಷ್ಟೇ’ ಎಂದು ಉತ್ತರಿಸಿಕೊಂಡು ಬಂದವರು ಅವರು. ಹೊರಗಿನವರ ಮುಂದೆ ಮೊಮ್ಮಗಳು ಲಕ್ಷಣವಾಗಿ ಕಾಣಬೇಕೆಂಬುದು ಅವರ ಆಸೆ. ನಾನಾದರೋ, ಈ ಒಂದು ಗಂಟೆ ಅವಳು ತನ್ನ ಅತ್ಯಂತ ಕಷ್ಟದ ದಿನದಲ್ಲಿ ಇರುವಂತೆಯೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇದನ್ನು ಈವರೆಗೆ ಯಾರಿಗೂ ತಿಳಿಸಿರಲಿಲ್ಲ.

ವಿಮಾ ಕಂಪನಿಯ ಅಧಿಕಾರಿ ಬಂದು ಕುಳಿತು ಪೆನ್ನು ತೆಗೆಯುವಷ್ಟರಲ್ಲಿ ಅತ್ತೆಯವರು ಕಾಫಿ ತಂದಿಟ್ಟು ಹೇಳಿಯೇಬಿಟ್ಟರು: “ನಮ್ಮ ಮಗೂಗೆ ಏನೂ ಆಗಿಲ್ಲ ಸಾರ್. ಅವರಪ್ಪನೂ ಮಾತಾಡಿದ್ದು ಲೇಟೇ.”

ಅಧಿಕಾರಿ ಅದನ್ನು ಬರೆದುಕೊಂಡರು.

ಹಸಿವಾದರೆ ಕೇಳುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಕುಕ್ಕರ್ ಕೂಗಿದರೆ ಮಂಚದಡಿ ಸೇರುತ್ತಾಳೆ ಎಂದು ಮಗಳ ಎದುರಿನಲ್ಲೇ ಒಂದೊಂದಾಗಿ ನಿವೇದಿಸತೊಡಗಿದೆ. ಅತ್ತೆಯವರು ನೆಲ ನೋಡುತ್ತಿದ್ದರು. ನಾನಿನ್ನೂ ಹೇಳುತ್ತಿರುವಾಗಲೇ ಮಗಳು ಎದ್ದು ಬಂದು ತನ್ನ ಅಂಗೈಯನ್ನು ನನ್ನ ಬಾಯಿಯ ಮೇಲಿಟ್ಟು ಒತ್ತಿದಳು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. “ನೀವು ಹೇಳ್ತಿರೋದು ಅವಳಿಗೆ ಅರ್ಥ ಆಗ್ತಿದೆಯಲ್ಲ ಮೇಡಂ?”

ಇಲ್ಲವೆನ್ನಬಹುದಿತ್ತು. ಅವಳ ಕೈ ಸರಿಸಿದೆ. “ಆಗತ್ತೆ ಸಾರ್. ಬೇಡ ಅಂತಿದ್ದಾಳೆ.”

“ಹಾಗಾದ್ರೆ ಥೆರಪಿ ಇನ್ನೂ ಯಾಕೆ?”

“ಬೇಡ ಅನ್ನೋದು ಕಲಿಯೋಕೇ ಒಂದು ವರ್ಷ ಹಿಡೀತು. ಬೇಕು ಅನ್ನೋದು ಇನ್ನೂ ಬಂದಿಲ್ಲ.”

ಅಧಿಕಾರಿ ಅದನ್ನೂ ಬರೆದುಕೊಂಡರು. ನಮ್ಮೆಲ್ಲರ ಹೇಳಿಕೆಯನ್ನು ಕನ್ನಡದಲ್ಲಿಯೇ ಬರೆದಿದ್ದರು. ಕುಟುಂಬದ ಹಿರಿಯರ ಸಹಿಯೂ ಬೇಕೆಂದು ತಿಳಿಸಿ ಹಾಳೆಯನ್ನು ಅತ್ತೆಯವರತ್ತ ತಿರುಗಿಸಿದರು. ಅತ್ತೆಯವರು ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತಾ, ನಿಧಾನವಾಗಿ ಓದಿದರು. ತಾವು ಆಡಿದ ಮಾತಿನ ಸಾಲಿನ ಮೇಲೆ ಅವರ ಬೆರಳು ನಿಂತಿತು.

“ಇದನ್ನ ಹೊಡೆದುಹಾಕಿ ಸಾರ್,” ಎಂದರು. “ಅದು ಅಕ್ಕಪಕ್ಕದೋರಿಗೆ ಹೇಳೋದು.”

ಅನಂತರ ಸಹಿ ಮಾಡಿದರು.

ಒಪ್ಪಿಗೆ ಬಂದಿದೆ, ಆರು ತಿಂಗಳ ಮಟ್ಟಿಗೆ. ಅವಧಿ ಮುಗಿದ ಮೇಲೆ ಪುನಃ ಪರಿಶೀಲನೆಗೆ ಬರುವುದಾಗಿ ತಿಳಿಸಿರುತ್ತಾರೆ.