ಸೇವೆಯಲ್ಲಿಲ್ಲದ ಎರಡು ತಿಂಗಳು

ಸಿದ್ದರಾಜು, ನಿನಗೆ ಬಂದ ಕರೆಯನ್ನು ತಡೆದವಳು ನಾನು.

ಈ ಒಂದು ಸಾಲು ಬರೆಯಲು ಏಳು ವರ್ಷ ಹಿಡಿಯಿತು. ಪೀಠಿಕೆ ಹಾಕುತ್ತಾ ಕೂತರೆ ನಡುವೆ ಎದ್ದು ಹೋಗಿಬಿಡುತ್ತೇನೆ ಎಂಬ ಭಯಕ್ಕೆ ಮೊದಲೇ ಬರೆದಿಟ್ಟಿದ್ದೇನೆ. ಆ ಹೊರದೇಶದ ವಿಶ್ವವಿದ್ಯಾಲಯದವರು ನಿನ್ನನ್ನು ಮರೆತಿರಲಿಲ್ಲ. ಮೂರು ವರ್ಷ ನಮ್ಮಲ್ಲಿದ್ದು ಪಿಎಚ್‌ಡಿ ಮಾಡಲಿ, ಎಲ್ಲ ವ್ಯವಸ್ಥೆ ನಮ್ಮದು ಎಂದು ಬರೆದಿದ್ದರು. ಕಾಗದ ವಿಭಾಗದ ಮುಖ್ಯಸ್ಥೆಯಾದ ನನ್ನ ಕೈಗೆ ಬಂತು, ನಿನ್ನ ಕೈಗೆ ಬರಲಿಲ್ಲ. ಅಷ್ಟೇ ನಡೆದದ್ದು — ಅಷ್ಟೇ ಎಂದು ಬರೆಯುವುದಕ್ಕೂ ನನಗೆ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಹೊರಗಿನ ವಿಶ್ವವಿದ್ಯಾಲಯಗಳ ಜೊತೆ ಒಡಂಬಡಿಕೆಗಳು ಹೇಗೆ ಆಗುತ್ತಿದ್ದವು ಎಂಬುದು ನಿನಗೆ ಗೊತ್ತು. ಬಂದವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಎರಡೂ ಕಡೆಯವರು ಫೈಲು ಹಿಡಿದು ಕ್ಯಾಮೆರಾ ಕಡೆ ನಕ್ಕರೆ ಮುಗಿಯಿತು. ಫೋಟೊ ಗೋಡೆಗೆ, ಫೈಲು ಬೀರುವಿಗೆ. ತಪಾಸಣೆಯವರು ಬರುವ ವರ್ಷ ಎರಡರ ಧೂಳನ್ನೂ ಒರೆಸುತ್ತಿದ್ದೆವು. "ನಮ್ಗೆ ಇಷ್ಟೊಂದು ಜನ ಬೀಗ್ರು, ಒಬ್ರೂ ಊಟಕ್ಕೆ ಬರಲ್ವಲ್ಲ ಮೇಡಂ" ಎಂದು ನೀನು ಒಮ್ಮೆ ಆ ಗೋಡೆಯನ್ನು ನೋಡಿ ಅಂದಿದ್ದೆ. ನಾನು ಕುಲಪತಿಗಳ ಸಭೆಯಲ್ಲಿ ಅದನ್ನು ನೆನೆಸಿಕೊಂಡು ನಕ್ಕು ಪೇಚಿಗೆ ಸಿಕ್ಕಿಕೊಂಡಿದ್ದೆ.

ಇದೊಂದು ಬೀಗತನ ಮಾತ್ರ ನಿಜವಾಯಿತು. ಆ ಪ್ರೊಫೆಸರ್ — ಬೂದು ಕೂದಲಿನ, ಗಂಡಸರ ಚಪ್ಪಲಿ ಹಾಕುತ್ತಿದ್ದ ಆಕೆ — ಪೇಟ ತೊಡಿಸಿಕೊಳ್ಳಲು ಬಂದಿರಲಿಲ್ಲ. ಹಳೇ ಕೆರೆಗಳ ಕೆಳಗೆ ರೈತರು ನೀರನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂದು ನೋಡಲು ಬಂದಿದ್ದರು. ನಾನು ಸಭಾಂಗಣದಲ್ಲಿ ಎರಡು ದಿನದ ಉಪನ್ಯಾಸ ಏರ್ಪಡಿಸಿದ್ದೆ. ಆಕೆ ಅರ್ಧ ದಿನ ಸಹಿಸಿಕೊಂಡು, ಒಂದು ಕೆರೆ ತೋರಿಸುತ್ತೀರಾ ಎಂದು ಕೇಳಿದರು. ಇಪ್ಪತ್ತಾರು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಜಿಲ್ಲೆಯ ಕೆರೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೆ ತೂಬು ಎತ್ತಿದ ಮೇಲೆ ನೀರು ಮೊದಲು ಯಾರ ಗದ್ದೆಗೆ ಹೋಗುತ್ತದೆ ಎಂದರೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನಿಮ್ಮಪ್ಪ ಮಳವಳ್ಳಿ ಕಡೆಯ ನಿಮ್ಮೂರಿನ ನೀರುಗಂಟಿ, ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುವ ಮನುಷ್ಯ.

ಆ ದಿನ ಏರಿಯ ಮೇಲೆ ಆಕೆ ಕೇಳಿದ ಪ್ರಶ್ನೆಯನ್ನು ನೀನು ನಿಮ್ಮಪ್ಪನಿಗೆ ಕನ್ನಡದಲ್ಲಿ ದಾಟಿಸಿದೆ. ನೀರು ಸಾಲದೆ ಬಂದಾಗ ಏನು ಮಾಡುತ್ತೀರಿ?

"ನೀರು ಕಮ್ಮಿ ಆದ್ ವರ್ಸ ಕೊನೇ ಗದ್ದೆಯಿಂದ ಸುರು ಮಾಡ್ಬೇಕು ಕಣಮ್ಮ" ಎಂದರು ನಿಮ್ಮಪ್ಪ. "ತೂಬಿನ್ ಪಕ್ಕದೋನು ಎಂಗಿದ್ರೂ ಕುಡ್ಕತಾನೆ."

ಆಕೆ ಅದನ್ನು ಬರೆದುಕೊಂಡರು. ಆಮೇಲೆ ಮಧ್ಯಾಹ್ನದವರೆಗೂ ನೀವು ಮೂವರು ಕಾಲುವೆಯೊಳಗೇ ಇಳಿದು ನಡೆದಿರಿ. ಆಕೆಯ ಕೈಚೀಲ ಹಿಡಿದುಕೊಂಡು ನಾನು ಹೊಂಗೆ ಮರದ ಕೆಳಗೆ ನಿಂತಿದ್ದೆ. ಯಾರೂ ನನ್ನನ್ನು ಅವಮಾನ ಮಾಡಿರಲಿಲ್ಲ. ನೀನಂತೂ ಹತ್ತು ನಿಮಿಷಕ್ಕೊಮ್ಮೆ ತಿರುಗಿ "ಮೇಡಂ, ಬಿಸ್ಲು, ನೆರಳಲ್ಲೇ ಇರಿ" ಅನ್ನುತ್ತಿದ್ದೆ. ಆದರೂ ಒಳಗೆ ಏನೋ ಚುರುಕ್ಕೆಂದಿತು.

ಕಾಗದ ಬಂದದ್ದು ಆಮೇಲಿನ ಜೂನ್ ತಿಂಗಳಲ್ಲಿ. ಪತ್ರವ್ಯವಹಾರವೆಲ್ಲ ಮುಖ್ಯಸ್ಥರ ಮುಖಾಂತರವೇ ಆಗಬೇಕು ಎಂದು ಒಡಂಬಡಿಕೆಯಲ್ಲಿ ನಾನೇ ಬರೆಸಿದ್ದೆ. ಹಾಗಾಗಿ ವಿಭಾಗದ ಮೇಲ್‌ಗೆ ಬಂತು. ಅವರು ಕೇಳಿದ್ದು ಇಷ್ಟೇ — ಸಿದ್ದರಾಜು ನಿಮ್ಮ ಸಿಬ್ಬಂದಿ ಎಂದು ಹತ್ತು ದಿನದೊಳಗೆ ಖಚಿತಪಡಿಸಿ, ಒಪ್ಪಿಗೆ ಕೊಡಿ.

ಜೂನ್, ಜುಲೈ ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರು ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ನಿನ್ನಂಥ ಅತಿಥಿ ಉಪನ್ಯಾಸಕರನ್ನು ಮೇ ಕೊನೆಗೆ ಬಿಡುಗಡೆ ಮಾಡಿ, ಆಗಸ್ಟಿನಲ್ಲಿ ಹೊಸ ಆದೇಶ ಕೊಟ್ಟು ಮತ್ತೆ ಸೇರಿಸಿಕೊಳ್ಳುತ್ತೇವೆ. ನಡುವಿನ ಎರಡು ತಿಂಗಳು ಅವರು ಕಡತದಲ್ಲಿ ಇರುವುದಿಲ್ಲ. ಒಂಬತ್ತು ವರ್ಷ ಪಾಠ ಮಾಡಿದವರನ್ನೂ ನಾವು ಅತಿಥಿಗಳು ಎಂದೇ ಕರೆಯುತ್ತೇವೆ. ನೀನು ಮಾತ್ರ ಆ ಎರಡು ತಿಂಗಳೂ ದಿನವೂ ಮಳವಳ್ಳಿ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದೆ. ಕಾಗದ ಬಂದ ದಿನವೂ ನೀನು ಪಕ್ಕದ ಕೋಣೆಯಲ್ಲಿ ಕೂತು ಆ ಪ್ರೊಫೆಸರಿಗೇ ಕಳಿಸಬೇಕಾಗಿದ್ದ ಕೆರೆಯ ನಕ್ಷೆ ತಿದ್ದುತ್ತಿದ್ದೆ.

ನಾನು ಉತ್ತರ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದು, ಕನ್ನಡದಲ್ಲಿ ಹೇಳಿದರೆ ಹೀಗೆ: "ಅವರು ಈಗ ನಮ್ಮಲ್ಲಿ ಸೇವೆಯಲ್ಲಿಲ್ಲ. ಬೇಕಿದ್ದರೆ ಕಾಯಂ ಅಧ್ಯಾಪಕರೊಬ್ಬರ ಹೆಸರು ಸೂಚಿಸಬಹುದು."

ಕಡತ ತೆಗೆದು ನೋಡಿದರೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ನನ್ನನ್ನು ಇಷ್ಟು ವರ್ಷ ಕಾಪಾಡಿದ್ದು. ಕಳಿಸಿ ಮುಗಿಸುವಷ್ಟರಲ್ಲಿ ನೀನು ಬಾಗಿಲಲ್ಲಿ ಇಣುಕಿ, "ಮೇಡಂ, ಟೀ ತರ್ಲಾ?" ಎಂದೆ. ತಾ ಎಂದೆ ನಾನು. ನೀನು ತಂದೆ, ನಾನು ಕುಡಿದೆ.

ಯಾಕೆ ಮಾಡಿದೆ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ನೀನು ಹೋಗಿಬಿಟ್ಟರೆ ಈ ಕೆಲಸ ನಡೆಸುವವರು ಯಾರು ಎಂದು — ಹೌದು, ಅದೂ ಇತ್ತು. ಮಂಡಿ ಆಪರೇಷನ್ ಆದಾಗ ಒಂದೂವರೆ ತಿಂಗಳು ನನ್ನ ಕ್ಲಾಸುಗಳನ್ನೂ ನೀನೇ ತೆಗೆದುಕೊಂಡೆ, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಅಂಥವನು ಪಕ್ಕದಲ್ಲೇ ಇರಲಿ ಎಂಬ ಆಸೆ. ಹೊಟ್ಟೆಕಿಚ್ಚೂ ಇತ್ತು. ಐವತ್ನಾಲ್ಕು ವರ್ಷವಾಗಿದ್ದರೂ ನನ್ನನ್ನು ಯಾವ ದೇಶದವರೂ ಹೆಸರು ಹಿಡಿದು ಕರೆದಿರಲಿಲ್ಲ. ಇನ್ನೊಂದಿದೆ. ನಮ್ಮೂರು ಹನಕೆರೆಯಲ್ಲಿ ನಮ್ಮಪ್ಪ ಬದುವಿನ ಮೇಲೆ ನಿಂತು "ಲೇ ನೀರ್‌ಗಂಟಿ" ಎಂದು ಕೂಗುತ್ತಿದ್ದುದನ್ನು ಕೇಳಿ ಬೆಳೆದವಳು ನಾನು. ಆ ಮನುಷ್ಯನ ಹೆಸರೇನು ಎಂದು ಇವತ್ತಿಗೂ ನನಗೆ ತಿಳಿಯದು. ಅಂಥವರ ಮನೆಯ ಮಗ ವಿಮಾನ ಹತ್ತುವುದು, ಗದ್ದೆಯಿದ್ದವರ ಮಗಳು ಕೈಚೀಲ ಹಿಡಿದು ನಿಲ್ಲುವುದು — ಚುರುಕ್ಕೆಂದದ್ದು ಅದೇನಾ? ಅಲ್ಲ ಎಂದು ಬರೆಯಲು ಹೋದರೆ ಕೈ ಒಪ್ಪುತ್ತಿಲ್ಲ. ನಾನು ಪಾಠ ಮಾಡಿದ್ದೆಲ್ಲ ಬೇರೆ, ಒಳಗಿದ್ದದ್ದು ಬೇರೆ.

ಆದರೂ ಅಲ್ಲಿಯವರೆಗೆ ನಾನು ಬಾಯಿ ಬಿಟ್ಟು ಸುಳ್ಳು ಹೇಳಿರಲಿಲ್ಲ. ಅದೂ ಆಯಿತು. ಕೆಲವು ತಿಂಗಳ ಮೇಲೆ ಪರೀಕ್ಷೆಯ ಡ್ಯೂಟಿ ಮುಗಿಸಿ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನಿಮ್ಮಪ್ಪ ಎಲ್ಲಿದ್ದರೋ, ಬಂದವರೇ ಓಡಿಹೋಗಿ ಬಸ್ಸಿನ ಕಿಟಕಿಯೊಳಗೆ ತಮ್ಮ ಟವಲ್ ಎಸೆದು ನನಗೆ ಸೀಟು ಹಿಡಿದರು. ನಾನು ಕೂತ ಮೇಲೆ ಕಿಟಕಿಯ ಕೆಳಗೆ ನಿಂತು ಕೇಳಿದರು:

"ಆ ಫಾರಿನ್ ಮೇಡಮ್ಮೋರು ನಮ್ ಐದ ಸಿದ್ದರಾಜುನ ಕರುಸ್ಕತೀನಿ ಅಂದಿದ್ರು. ಕಾಗ್ದ ಏನಾರ ಬಂತಾ?"

"ಇಲ್ಲಪ್ಪ, ಏನೂ ಬಂದಿಲ್ಲ."

"ಓಗ್ಲಿ ಬುಡಿ. ಬಂದ್ರೆ ನೀವು ಏಳ್ದೆ ಇರ್ತೀರಾ."

ಟವಲ್ ನನ್ನ ಕೈಯಲ್ಲೇ ಇತ್ತು. ಕಿಟಕಿಯಿಂದ ವಾಪಸು ಕೊಟ್ಟೆ. ಬಸ್ಸು ಹೊರಟಿತು.

ಆ ವಿಶ್ವವಿದ್ಯಾಲಯದವರು ಯಾರನ್ನೂ ಕರೆಸಿಕೊಳ್ಳಲಿಲ್ಲ. ನಾನು ಸೂಚಿಸಿದ ಕಾಯಂ ಹೆಸರು ಅವರಿಗೆ ಬೇಕಿರಲಿಲ್ಲ. ಒಡಂಬಡಿಕೆಯ ಫೋಟೊ ಉಳಿದವುಗಳ ಜೊತೆ ಗೋಡೆಯ ಮೇಲೆ ಉಳಿಯಿತು. ನೀನು ಇನ್ನೂ ಮೂರು ವರ್ಷ ಅತಿಥಿಯಾಗಿದ್ದೆ, ಕಾಯಂ ಹುದ್ದೆಗೆ ಅರ್ಜಿ ಹಾಕುವ ವಯಸ್ಸು ದಾಟಿತು, ಮದ್ದೂರಿನ ಖಾಸಗಿ ಪಿಯು ಕಾಲೇಜಿಗೆ ಹೋದೆ. ನನ್ನ ನಿವೃತ್ತಿಯ ದಿನ ಮೈಕು ಹಿಡಿದು, ಮೇಡಂ ಇಲ್ಲದಿದ್ದರೆ ನಾನು ಇಷ್ಟೂ ಆಗುತ್ತಿರಲಿಲ್ಲ ಎಂದೆ. ಜನ ಚಪ್ಪಾಳೆ ತಟ್ಟಿದರು. ನೀನು ಹೇಳಿದ ಆ "ಇಷ್ಟೂ" ಎಂಬುದು ಎಷ್ಟು ಕಡಿಮೆ ಎಂದು ಆ ಸಭೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ.

ಹೋದ ವರ್ಷ ನಿಮ್ಮಪ್ಪ ತೀರಿಕೊಂಡರು. ಆಗಲೂ ಬಾಯಿ ಬರಲಿಲ್ಲ. ಹೋದ ತಿಂಗಳು ಆ ಪ್ರೊಫೆಸರ್ ಬರೆದಿದ್ದಾರೆ. ಕೆರೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾರಂತೆ. "ಆ ಹುಡುಗ ಆಮೇಲೆ ಎಲ್ಲಿಗೆ ಹೋದ, ನಿಮಗೇನಾದರೂ ಗೊತ್ತಾಯಿತೇ?" ಎಂದು ಕೇಳಿದ್ದಾರೆ. ಏಳು ವರ್ಷ ಆಕೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ಸಿದ್ದರಾಜು. ನಾನು ಇದ್ದದ್ದನ್ನು ಇದ್ದಹಾಗೆ ಬರೆದೆ. ಆಕೆ ನಿನ್ನ ವಿಳಾಸ ಮಾತ್ರ ಕೇಳಿದರು. ಕೊಟ್ಟಿಲ್ಲ. ನಿನ್ನನ್ನು ಕೇಳದೆ ನಿನ್ನ ಬಗ್ಗೆ ಇನ್ನೊಂದು ಸಾಲೂ ನಾನು ಬರೆಯುವುದಿಲ್ಲ. ಆಕೆಯ ವಿಳಾಸ, ಅವತ್ತು ಬಂದ ಕಾಗದ, ನನ್ನ ಉತ್ತರ — ಮೂರನ್ನೂ ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಮುಂದೆ ಬರುವ ಧೈರ್ಯ ಸಾಲದೆ, ಮೊನ್ನೆ ಭಾನುವಾರ ಮೊದಲು ನಿಮ್ಮೂರಿಗೆ ಹೋದೆ. ನಿಮ್ಮಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಬಸ್‌ಸ್ಟ್ಯಾಂಡಿನ ಮಾತನ್ನೂ ಹೇಳಿದೆ. ಅವರು ಮೊರದಲ್ಲಿದ್ದ ಕಾಯಿಯನ್ನೆಲ್ಲ ಬಿಡಿಸಿ ಮುಗಿಸಿದರು. ಬೈದರೆ ಸಾಕು ಎಂದು ಕಾದು ಕೂತಿದ್ದೆ.

"ಇದ್ನ ಅವ್ನ್‌ಗೆ ನೀವೇ ಏಳ್ಬೇಕು ಮೇಡಮ್ಮೋರೆ" ಎಂದರು ಕೊನೆಗೆ. "ನಾನೇಳುದ್ರೆ ಅವ್ನು ನಂಬಾಕಿಲ್ಲ. ನಮ್ ಮೇಡಂ ಅಂತೋರಲ್ಲ ಅಂತ ನನ್ ಮೇಲೇ ರೇಗ್ತಾನೆ."

ಅದಕ್ಕೇ ಬರೆಯುತ್ತಿದ್ದೇನೆ. ನಂಬು, ಸಿದ್ದರಾಜು. ನಾನು ಅಂಥವಳೇ.